ಅಕ್ಕನ ಫೋನಿನಲ್ಲಿ ಉಳಿದ ಜಾಹೀರಾತು

ಮೂರನೇ ಭಾನುವಾರವೂ ಕಾರು ಮನೆ ಮುಂದೆ ಕೆಟ್ಟು ನಿಂತಿತ್ತು. ಅಕ್ಕ ಇರೋ ಆರೈಕೆ ಕೇಂದ್ರಕ್ಕೆ ಬಸ್ಸಿಲ್ಲ. ಅವಳಿಗೆ ನಾನು, ನನಗೆ ಅವಳು, ಅಷ್ಟೇ. ಅವಳನ್ನ ವಾರಕ್ಕೊಮ್ಮೆ ನೋಡೋಕೆ ಅಂತಾನೇ ಬಟ್ಟೆ ಹೊಲಿದು ಕೂಡಿಟ್ಟಿದ್ದನ್ನೆಲ್ಲ ಸುರಿದು ಈ ಹಳೇ ಕಾರು ತಗೊಂಡಿದ್ದೆ.

ಎದುರು ಮನೆ ಮೆಕ್ಯಾನಿಕ್ ತಾನಾಗೇ ಬಂದ. ಬಾನೆಟ್ ಎತ್ತಿ ನೋಡಿ, ಆಮೇಲೆ ಒಳಗೆ ಬಗ್ಗಿದ.

"ಟೈಲರಮ್ಮಾ, ಎಷ್ಟು ಓಡಿದೆ ಅಂದಿದ್ರು?"

"ಮೂವತ್ತು ಸಾವಿರ ಕಿಲೋಮೀಟರ್. ಮೀಟರಲ್ಲೂ ಅಷ್ಟೇ ಇದೆ."

"ಬ್ರೇಕ್ ಪೆಡಲ್ ನೋಡಿ, ರಬ್ಬರ್ ನುಣ್ಣಗೆ ಸವೆದಿದೆ. ಇದು ಲಕ್ಷ ದಾಟಿದ ಗಾಡಿ. ಮೀಟರ್ ಹಿಂದಕ್ಕೆ ತಿರುಗಿಸಿದ್ದಾರೆ."

ಅಯ್ಯೋ ನನ್ನ ಬುದ್ಧಿಗಿಷ್ಟು! ಇಪ್ಪತ್ತು ವರ್ಷ ಹೊಲಿಗೆ ಮೆಷಿನ್ ತುಳಿದವಳಿಗೆ ಸವೆದ ಪೆಡಲ್ ಕಾಣಲಿಲ್ಲ. ಹೊಸ ಸೀಟ್ ಕವರಿನ ಹೊಲಿಗೆ ನೋಡ್ತಾ ಮರುಳಾಗಿದ್ದೆ.

"ಕಾರು ನೋಡೋಕೆ ಹೋದಾಗ ನನ್ನ ಯಾಕೆ ಕರೀಲಿಲ್ಲ?"

"ಯಾವ ಸಲಿಗೆಯಿಂದ ಕರೀಲಪ್ಪಾ? ಒಂಬತ್ತು ವರ್ಷದಲ್ಲಿ ನಾವು ಆಡಿದ ಮಾತಂದ್ರೆ 'ನೀರು ಬಂತಾ' ಅನ್ನೋದೊಂದೇ."

ಅವನು ಬಾನೆಟ್ ಮುಚ್ಚಿದ.

"ಹೋಗ್ಲಿ, ಆನ್‌ಲೈನಲ್ಲಿ ಈ ಕಾರಿಗೆ ಹಾಕಿದ್ದ ಜಾಹೀರಾತು ಇದೆಯಾ?"

"ಮಾರಿದ ಆ ಹಳೇ ಕಾರಿನ ವ್ಯಾಪಾರಿ ಅಳಿಸಿ ಹಾಕಿದಾನೆ. ಫೋನೂ ಎತ್ತಲ್ಲ. ಬಿಡಪ್ಪಾ, ಮೋಸ ಹೋದೆ ಅಂತ ಸಾರಿಕೊಂಡು ನಗೆಪಾಟಲಾಗಲಾ?"

"ನಾಚಿಕೆ ಆಗಬೇಕಾಗಿರೋದು ಅವನಿಗೆ, ನಿಮಗಲ್ಲ. ಜಾಹೀರಾತಿನ ಚಿತ್ರ ಯಾರಿಗಾದ್ರೂ ಕಳಿಸಿದ್ರಾ?"

ಯಾರಿಗೆ ಕಳಿಸಲಿ? ತೋರಿಸಿ ಹಿಗ್ಗೋಕೆ ಇದ್ದವಳು ಅಕ್ಕ ಒಬ್ಬಳೇ. ಫೋನ್ ಮಾಡಿದೆ.

"ಇದೆ ಕಣೇ," ಅಂದಳು. "ದಿನಾ ತೆಗೆದು ನೋಡ್ತೀನಿ. ಈ ಕಾರಲ್ಲೇ ಅಲ್ವಾ ನೀನು ಬರೋದು?"

ನನಗೆ ಅಳು ತಡೆಯೋಕಾಗಲಿಲ್ಲ.

ಅವಳು ಕಳಿಸಿದ ಚಿತ್ರದಲ್ಲಿ ಮೂವತ್ತು ಸಾವಿರ ಅಂತ ಸ್ಪಷ್ಟವಾಗಿತ್ತು. ಮೆಕ್ಯಾನಿಕ್ ಕಾರು ಕಂಪನಿಯ ಸರ್ವೀಸ್ ಸೆಂಟರಿಂದ ಹಳೇ ಸರ್ವೀಸ್ ದಾಖಲೆ ತರಿಸಿದ. ಎರಡು ವರ್ಷದ ಹಿಂದೆಯೇ ಲಕ್ಷದ ಹತ್ತು ಸಾವಿರ! ಎರಡನ್ನೂ ಲಗತ್ತಿಸಿ ಮಾರಿದವನಿಗೆ ಪತ್ರ ಬರೆದೆವು: ಕಾರು ವಾಪಸ್ ತಗೊಳ್ಳಿ, ಇಲ್ಲದಿದ್ರೆ ಗ್ರಾಹಕರ ನ್ಯಾಯಾಲಯಕ್ಕೆ ದೂರು ಕೊಡ್ತೀವಿ. ವಾರದೊಳಗೆ ಬಂದ. ದುಡ್ಡು ಕೊಟ್ಟು, ಮುಖ ಎತ್ತದೆ ಕಾರು ಎಳೆಸಿಕೊಂಡು ಹೋದ.

ಭಾನುವಾರ ಮೆಕ್ಯಾನಿಕ್ ತನ್ನ ಸ್ಕೂಟರಲ್ಲೇ ನನ್ನನ್ನ ಆರೈಕೆ ಕೇಂದ್ರಕ್ಕೆ ಬಿಟ್ಟ. ಅಕ್ಕ ಕಿಟಕಿ ಹತ್ತಿರ ಕೂತು ಕಾರಿನ ದಾರಿ ಕಾಯ್ತಿದ್ದಳು. ನಾನು ಪಕ್ಕಕ್ಕೆ ಹೋಗಿ ನಿಂತರೂ ತಿರುಗಿ ನೋಡಲಿಲ್ಲ; ಕಾರು ವಾಪಸ್ ಹೋಗಿದ್ದು ಅವಳಿಗೆ ಗೊತ್ತಿರಲಿಲ್ಲ, ಕಣ್ಣೆಲ್ಲ ರಸ್ತೆ ಮೇಲೇ ಇತ್ತು.

ನಾಳೆ ಇನ್ನೊಂದು ಕಾರು ನೋಡೋಕೆ ಹೊರಟಿದ್ದೀವಿ, ನಾನೂ ಮೆಕ್ಯಾನಿಕ್ಕೂ ಇಬ್ಬರೂ. ನೀವೂ ಅಷ್ಟೇ, ಜಾಹೀರಾತಿನ ಚಿತ್ರ ತೆಗೆದಿಟ್ಟುಕೊಳ್ಳಿ. ದುಡ್ಡು ಕೊಡೋ ಮುಂಚೆ ಸರ್ವೀಸ್ ದಾಖಲೆ ಕೇಳಿ. ಮೋಸವಾದ್ರೆ ಮುಚ್ಚಿಡದೆ ಬರವಣಿಗೆಯಲ್ಲಿ ದೂರು ಕೊಡಿ. ಗಾಡಿ ನೋಡೋಕೆ ಮಾತ್ರ ಒಬ್ಬರೇ ಹೋಗಬೇಡಿ. ಜೊತೆಗೆ ಬರೋರು ಯಾರೂ ಇಲ್ಲ ಅಂತೀರಾ? ಎದುರು ಮನೆ ಬಾಗಿಲು ತಟ್ಟಿ. ನಾನು ಒಂಬತ್ತು ವರ್ಷ ತಟ್ಟಿರಲಿಲ್ಲ.