ಎರಡು ಗಾಡಿ, ಒಂದು ಕೈಚೀಲ

ಹ್ಯಾಂಗ ಸುರು ಮಾಡೂದು ಅನ್ನೂದ ತಿಳೀವಲ್ದು. ಮೊದಲ ಬರದಿದ್ದು ಹಿಂಗಿತ್ತು: "ರೋಣದ ಹಾಲೇಶಗ ಒಂದು ದೊಡ್ಡ ಕಾರು ಬೇಕಾಗಿತ್ತು." ಹರದು ಒಗದೆ. ಯಾಕಂದ್ರ ಅದು ಸುಳ್ಳು. ಪೈಪು-ಮೋಟರಿನ ಅಂಗಡಿ ಇಟ್ಟಾವ ಅವ. ಹೆಂಡ್ತಿ ಭಾಗ್ಯಾ, ಇಬ್ರು ಮಕ್ಕಳು, ಎಲ್ಲಾರೂ ಹಳೇ ಸಣ್ಣ ಕಾರಿನ್ಯಾಗ ಆರಾಮ ಹಿಡೀತಿದ್ರು. ಅವಗ ಬೇಕಾಗಿದ್ದು ಕಾರಲ್ಲ, ರಾಯಣ್ಣನ ಮಾರಿ ಸಣ್ಣದು ಮಾಡೂದು.

(ರಾಯಣ್ಣ ಅಂದ್ರ ಷಡ್ಡಕ. ಭಾಗ್ಯಾನ ತಂಗಿ ಮೇಘಾನ ಗಂಡ. ಗಜೇಂದ್ರಗಡದಾಗ ಗಾಳಿಲೇ ಕರೆಂಟ್ ಮಾಡೂ ದೊಡ್ಡ ಫ್ಯಾನಿನ ಕಂಪನಿಗೆ ಕಾಂಟ್ರ್ಯಾಕ್ಟ್ ಮಾಡ್ತಾನ. ದೀಪಾವಳಿಗೆ ಕರೀ ಕ್ರೆಟಾ ಕಾರು ತಂದ. ಈ ಕತಿಯೊಳಗ ಅವನ ತಪ್ಪು ಇಷ್ಟ.)

೨

"ಹೊಟ್ಟಿಕಿಚ್ಚು ಅಂತ ಬರೀಬ್ಯಾಡ್ರಿ ಸರ," ಅಂದ ಹಾಲೇಶ, ನನ್ನ ಹೆಗಲ ಮ್ಯಾಲಿಂದ ಇಣುಕಿ ಓದಿ.

"ಇನ್ನೂ ಬರದಿಲ್ಲಲ್ಲಪಾ. ಏನಂತ ಬರೀಲಿ?"

"ಕಂಪ್ಯಾರಿಸನ್ ಅಂತ ಬರೀರಿ."

ಆತು, ಕಂಪ್ಯಾರಿಸನ್. ಹನ್ನೊಂದು ವರ್ಷ ಜಕ್ಕಲಿಯಿಂದ ಅತ್ತಿ ಸುಶೀಲವ್ವನ ಫೋನು ಬರ್ತಿದ್ದದ್ದು ಇವಗ. ಹಿರೇ ಅಳಿಯ. ದವಾಖಾನಿಗೆ ಹೋಗೂದಿರ್ಲಿ, ನರಗುಂದದ ತವರಿಗೆ ಹೋಗೂದಿರ್ಲಿ, "ಅಳಿಯಾರ, ಅಂಗಡಿ ಬಿಟ್ಟು ಬರಾಕ ಆಕ್ಕತೇನ್ರಿ?" ಅಂತ ಕೇಳಾಕಿ. ಇವ ಗೊಣಗಿಕೋತ ಹೋಗ್ತಿದ್ದ. ಒಳಗ ಮಾತ್ರ ಖುಷಿ. ಆರು ವರ್ಷದಾವಿದ್ದಾಗ ತಾಯೀನ್ನ ಕಳಕೊಂಡಾವ, ಹಂಗ ಕರಿಯಾವ್ರು ಅವಗ ಬ್ಯಾರೆ ಯಾರೂ ಇರಲಿಲ್ಲ.

ದೀಪಾವಳಿ ಆತು, ಕ್ರೆಟಾ ಬಂತು, ಫೋನು ಗಜೇಂದ್ರಗಡಕ್ಕ ಹೋಗಾಕ ಹತ್ತಿದವು. ಮೊನ್ನೆ ಅತ್ತಿ ನರಗುಂದಕ್ಕ ಸೀಮಂತಕ್ಕ ಹೋಗಿ ಬಂದದ್ದು ಹಾಲೇಶಗ ಗೊತ್ತಾದದ್ದು ಮೇಘಾನ ವಾಟ್ಸಾಪ್ ಸ್ಟೇಟಸ್‌ನ್ಯಾಗ. ಮುಂದಿನ ಸೀಟಿನ್ಯಾಗ ಸುಶೀಲವ್ವ, ಹಲ್ಲು ಕಾಣೂಹಂಗ ನಕ್ಕಿದ್ಲು. ಆವತ್ತ ಹಾಲೇಶ ಊಟಾ ಬಿಟ್ಟ.

(ಹೊಟ್ಟಿಕಿಚ್ಚು ಅಂತ ನಾ ಎಲ್ಲೂ ಬರದಿಲ್ಲ, ನೋಡಿಕೋರಿ.)

೩ (ಇದ ಮೊದಲನೇ ಪ್ಯಾರಾ ಆಗಬೇಕಿತ್ತು, ಈಗ ತಡಾ ಆತು)

ಯಾವ ಗಾಡಿ? ಕ್ರೆಟಾನ ತಗೊಂಡ್ರ ರಾಯಣ್ಣನ ಕಾಪಿ ಹೊಡದ ಅಂತಾರ. ಸೆಲ್ಟೋಸ್ ತಗೊಂಡ್ರ ಕ್ರೆಟಾ ತಗೊಳ್ಳಾಕ ನೀಗಲಿಲ್ಲ ಅಂತಾರ. ಎಂಜಿನ್ ನೋಡಿದ್ರ ಎರಡೂ ಒಂದ ಮನೆತನದವು, ಒಂದ ಮನಿಯ ಇಬ್ರು ಅಳಿಯಂದ್ರು ಇದ್ದಂಗ. ಯೂಟ್ಯೂಬಿನ್ಯಾಗ ನಲವತ್ತು ವಿಡಿಯೋ ನೋಡಿದ. ಸನ್‌ರೂಫು, ಏರ್‌ಬ್ಯಾಗು, ಸ್ಕ್ರೀನಿನ ಅಳತಿ ಎಲ್ಲಾ ಬಾಯಿಪಾಠ.

"ರೀ, ನನ್ನ ನೋಡಾಕ ಬಂದಾಗ ಹತ್ತ ನಿಮಿಷದಾಗ ಹೂಂ ಅಂದಿದ್ರಿ," ಅಂದ್ಲು ಭಾಗ್ಯಾ.

ಜಕ್ಕಲಿಯೊಳಗ ಒಂದಿನ ರಾಯಣ್ಣ ಸಿಕ್ಕ. "ಅಣ್ಣಾರ, ಒಳಗ ಕುಂತು ನೋಡ್ರಿ. ನೀವೂ ತಗೊಳ್ಳಾವ್ರಂತಲ್ಲ," ಅಂತ ತಾನ ಬಾಗಿಲಾ ತಗದ. ಸೊಕ್ಕಿಲೇ ಅಂದಿದ್ರ ಹಾಲೇಶಗ ಎಷ್ಟೋ ಹಗುರ ಆಗ್ತಿತ್ತು. (ನನಗ ಸೈತ ರಾಯಣ್ಣನ ಮ್ಯಾಲ ಸಿಟ್ಟು. ನಾಕು ಸಾಲು ಕೊಟ್ಟೀನಿ, ಆಗಲೇ ನೀವೆಲ್ಲಾ ಅವನ ಕಡೆ ಆಗೀರಿ.)

ಒಳಗ ಸನ್‌ರೂಫಿತ್ತು, ದೊಡ್ಡ ಸ್ಕ್ರೀನಿತ್ತು. ಹಾಲೇಶ ನೋಡಿದ್ದು ಮುಂದಿನ ಮ್ಯಾಟನ್ನ. ಅದರ ಮ್ಯಾಲ ಎರಿಮಣ್ಣಿನ ಚಪ್ಪಲಿ ಗುರುತು, ಒಣಗಿ ಬಿರತಿತ್ತು.

"ಇದ್ಯಾರದು?"

"ಅತ್ತಿಯಾರ್ದು. ಹೊಲದಾಗಿಂದ ಹಂಗ ಬಂದು ಹತ್ತಿದ್ರು."

ಇಡೀ ಗಾಡಿಯೊಳಗ ಯಾವುದರ ಮ್ಯಾಲೂ ಆಗಲಾರದ ಹೊಟ್ಟಿಕಿಚ್ಚು ಆ ಮಣ್ಣಿನ ಮ್ಯಾಲಾತು. ಯಾಕ ಅಂತ ಅವಗ ತಿಳೀಲಿಲ್ಲ.

(ಹೌದು, ಈಗ ಬರದೆ. ಸಿಟ್ಟಾದ್ರ ಆಗ್ಲಿ.)

೪

ಗದಗಿನ ಶೋರೂಮಿನಿಂದ ತಬಸ್ಸುಮ ಅನ್ನಾಕಿ ಸೆಲ್ಟೋಸಿನ ಡೆಮೊ ಗಾಡಿ ರೋಣಕ್ಕ ತಂದ್ಲು. ಹಾಲೇಶ ಸೀದಾ ಜಕ್ಕಲಿಗೆ ಹೊಡದ. ಹಿಂದ ಭಾಗ್ಯಾ, ತಬಸ್ಸುಮ. ಮುಂದಿನ ಸೀಟು ಅತ್ತೀಗಂತ ಖಾಲಿ.

ಸುಶೀಲವ್ವ ಹಿತ್ತಲದಿಂದ ಬಂದ್ಲು. ಗಾಡಿ ಸುತ್ತ ಒಂದ್ಸಲ ನೋಡಿ "ಚಲೋ ಐತ್ರಿ" ಅಂದ್ಲು. ಆಮ್ಯಾಲ ಬಗ್ಗಿ ಚಪ್ಪಲಿ ಬಿಚ್ಚಿದ್ಲು. ಸೊಂಟದಾಗಿನ ಕೈಚೀಲ ತಗದು, ಅದರಾಗ ಚಪ್ಪಲಿ ಹಾಕಿ, ತೊಡಿ ಮ್ಯಾಲ ಇಟ್ಟಕೊಂಡು ಕುಂತ್ಲು. ಇದೆಲ್ಲಾ ದಿನಾ ಮಾಡೂ ಕೆಲಸದಂಗ.

"ಅಮ್ಮಾರ, ಹಾಕ್ಕೊಂಡ ಕುಂದರ್ರಿ. ಇದು ಎಲ್ಲಾರೂ ಹತ್ತೂ ಗಾಡಿ," ಅಂದ್ಲು ತಬಸ್ಸುಮ.

"ಬ್ಯಾಡವಾ. ಅಳಿಯಾರ ಗಾಡಿ ಸ್ವಚ್ಛ ಇರ್ತೈತಿ."

ಬಯ್ದಂಗ ಇರಲಿಲ್ಲ ಆ ಮಾತು. ಹೊಗಳಿದ್ಲು, ಖರೇನ ಹೊಗಳಿದ್ಲು.

ಹಾಲೇಶಗ ಆವಾಗ ನೆನಪಾತು. ದೀಪಾವಳಿಗಿಂತ ಹದಿನೈದು ದಿನ ಮೊದಲ, ಮಳಿಯೊಳಗ, ಸುಶೀಲವ್ವ ಹೊಲದಾಗಿಂದ ಬಂದು ಸಣ್ಣ ಕಾರಿನೊಳಗ ಕಾಲಿಡೂವಾಗ ಇವ "ತಡೀರಿ ಅತ್ತಿ" ಅಂತ ಇಳದು, ಓಡಿ ಬಂದು, ಆಕಿ ಕಾಲ ಕೆಳಗ ಪೇಪರ್ ಹಾಸಿದ್ದ. ಅಷ್ಟ ಮಾಡಿದ್ದ. ಕೆಟ್ಟದ್ದು ಒಂದು ಮಾತೂ ಆಡಿರಲಿಲ್ಲ. ಆಕಿ ದಾರಿ ತುಂಬ ಕಾಲು ಮ್ಯಾಲ ಹಿಡಕೊಂಡ ಕುಂತಿದ್ಲು.

ಫೋನು ನಿಂತದ್ದು ಆವತ್ತಿನಿಂದ, ಕ್ರೆಟಾ ಬಂದದ್ದು ಅದಾದ ಮ್ಯಾಲ. ಇವ ಮಾತ್ರ ಅಷ್ಟು ತಿಂಗಳು ಕ್ರೆಟಾಕ್ಕ ಬೈಕೋತ ಇದ್ದ.

೫. ಮುಗಸೂದು (ಮೊದಲನೇ ಪ್ರಯತ್ನ)

ಹಾಲೇಶ ಬಿಳೇ ಕ್ರೆಟಾ ತಗೊಂಡ, ರಾಯಣ್ಣನದಕ್ಕಿಂತ ಒಂದು ಮಾಡಲ್ ಮ್ಯಾಲಿಂದು. ಸುಶೀಲವ್ವ ಕೈಚೀಲ ಹಿಡದು ಕುಂತ್ಲು.

೫. ಮುಗಸೂದು (ಎರಡನೇದು)

ಸೆಲ್ಟೋಸ್ ತಗೊಂಡ. ಕೈಚೀಲ.

೫. (ಮೂರನೇದು, ಹಾಲೇಶನ ಕಾಟಕ್ಕ)

"ನಾ ಆಕೀಗೆ ಚಪ್ಪಲಿ ಹಾಕ್ಕೋರಿ ಅಂದೆ ಅಂತ ಬರೀರಿ ಸರ." ಬರದೆ. ಸುಶೀಲವ್ವ "ಇರ್ಲಿ ಬಿಡ್ರಿ, ನನಗ ರೂಢಿ ಆಗೇತಿ" ಅಂದ್ಲು. ಅಳಸಿ "ಚಪ್ಪಲಿ ಹಾಕ್ಕೊಂಡ್ಲು" ಅಂತ ಬರದೆ. ಓದಿ ನೋಡಿದ್ರ ಆಕಿ ತೊಡಿ ಮ್ಯಾಲ ಕೈಚೀಲ ಹಂಗ ಐತಿ. ಬರಿಯಾವ ನಾನ ಆದ್ರೂ ಆ ಮುದುಕಿ ನನ್ನ ಮಾತು ಕೇಳಂಗಿಲ್ಲ.

ಹಾಲೇಶ ಮೂರೂ ಹಾಳಿ ತಿರುವಿ ನೋಡಿದ. ಆಮ್ಯಾಲ ಅಂದ: "ಎರಡೂ ಗಾಡಿ ಹೊಡದಹಾಕ್ರಿ. ನನ್ನ ಹಳೇದು ಕೊಡ್ರಿ. ಮಳಿ ಕೊಡ್ರಿ."

ಕೊಟ್ಟೆ. ರಾಯಣ್ಣನ್ನ ಎರಡು ದಿನ ಬ್ಯಾರೆ ಊರಿಗೆ ಕಳಿಸಿದೆ, ಅಷ್ಟು ಅಧಿಕಾರ ನನಗೈತಿ. ಫೋನು ಮಾತ್ರ ಸುಶೀಲವ್ವ ತಾನ ಮಾಡಿದ್ಲು: "ಅಳಿಯಾರ, ಬರಾಕ ಆಕ್ಕತೇನ್ರಿ?" ನಡುವ ತಬಸ್ಸುಮಂದೂ ಬಂತು: "ಸರ್, ಯಾವುದು ಫೈನಲ್?" ಹಾಲೇಶ ಕಟ್ ಮಾಡಿದ.

ಜಕ್ಕಲಿಗೆ ಬಂದು ಇಳದ. ಬಾಗಿಲದ ಖಾನೆದಾಗಿದ್ದ ಪೇಪರ್ ತಗದು ಮಳಿಯೊಳಗ ಒಗದ. ಮುಂದಿನ ಬಾಗಿಲಾ ತಗದು ಹಿಡದು ನಿಂತ, ತೋಯಿಸಿಕೋತ. ಸುಶೀಲವ್ವ ಹೊಲದಾಗಿಂದ ಬಂದ್ಲು, ಹಿಮ್ಮಡಿಮಟಾ ಎರಿಮಣ್ಣು. ಕೈಯಾಗ ಚೀಲ.

"ಬರೀರಿ," ಅಂದ ಹಾಲೇಶ ನನಗ.

"ಮೂರ ಸಲ ಬರದು ಸೋತೀನಪಾ. ಈಗ ನೀನ ಕೇಳು ಆಕೀನ್ನ."

ಅವ ಆಕಿ ಕಡೆ ತಿರುಗಿದ. ಮ್ಯಾಟಿನ ಕಡೆ ಬೊಟ್ಟು ಮಾಡಿ ತೋರಿಸಿದ, ಅಷ್ಟ.

ನೀವು ನನ್ನ ಮಾರಿ ನೋಡಬ್ಯಾಡ್ರಿ. ನಾನೂ ಅಲ್ಲೇ ನೋಡಾಕ ಹತ್ತೀನಿ. ಸುಶೀಲವ್ವ ಒಂದು ಕೈಲೆ ಬಾಗಿಲಾ ಹಿಡದಾಳ, ಒಂದು ಕಾಲು ಎತ್ಯಾಳ. ಚಪ್ಪಲಿ ಇನ್ನೂ ಕಾಲಾಗ ಐತಿ.