ಭಾವನ ಹೆಸರಿನ ಸೂಜಿ

"ಎಂಟು ಸಾವಿರ ಅಡಿ ಆಳದಾಗೆ ಆನೆ ಗಾತ್ರದ ಬಂಡೆ ನನ್ನ ಕಾಲ ಮ್ಯಾಲೆ ಬಿತ್ತು ಕಣ್ರಯ್ಯಾ. ಕಾಲಿಗೆ ಒಂದು ಗೀರು ಅಷ್ಟೇ, ಬಂಡೆ ಎಂಟು ಚೂರು! ಅದುನ್ನ ಬ್ಯಾರೆ ಆಸ್ಪತ್ರೆಗೆ ಸೇರಿಸವ್ರೆ. ಉಳಿಯೋದು ಕಷ್ಟ ಅಂತವ್ರೆ."

ವಾರ್ಡಿನ ಹನ್ನೆರಡು ಮಂಚಗಳೂ ನಕ್ಕವು. ಆ ನಗುವಿಗೆ ತಗಡಿನ ಛಾವಣಿ ಒಂದು ಗೇಣು ಮೇಲೆದ್ದು ಮತ್ತೆ ಕೂತಿತು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮದ್ರಾಸ್ ಮೇಲ್ ರೈಲು ಅದನ್ನೇ ಗಾರ್ಡಿನ ಸೀಟಿ ಅಂದುಕೊಂಡು ಹೊರಟೇಬಿಟ್ಟಿತು. ಐವತ್ತೆಂಟನೇ ಇಸವಿಯಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ ಚಿನ್ನಕ್ಕಿಂತ ಹೆಚ್ಚು ಸಿಗುತ್ತಿದ್ದದ್ದು ಈ ಆಸಾಮಿಯ ಬಾಯಿಮಾತು.

ಆದರೆ ಅವನು ಆಡದ ಮಾತೊಂದಿತ್ತು. ಮಂಚಕ್ಕೆ ತೂಗುಹಾಕಿದ್ದ, ರೋಗಿಯ ವಿವರ ಬರೆದ ಟಿಕೆಟ್ಟಿನ ಮೇಲೆ 'ಆಂಜಿನಪ್ಪ' ಎಂದಿತ್ತು. ಮಲಗಿದ್ದವನು ಆಂಜಿನಪ್ಪನ ಹೆಂಡತಿಯ ತಮ್ಮ, ಬೂದಿಕೋಟೆಯ ಚಿಕ್ಕವೆಂಕಟಪ್ಪ. ಭಾವ ರಾಗಿ ಕುಯ್ಲಿಗೆಂದು ಊರಿಗೆ ಹೋದವನು ಹೊತ್ತಿಗೆ ಬರಲಿಲ್ಲ. ಇನ್ನೊಂದು ದಿನ ತಪ್ಪಿದರೆ ಹೆಸರು ಹೊಡೆದುಹಾಕುತ್ತೇವೆ ಎಂದು ಗಣಿಯವರು ಹೇಳಿದ್ದರು. ಹೆಸರು ಹೋದರೆ ಗಣಿಯವರು ಕೊಟ್ಟ ಲೈನಿನ ಮನೆಯೂ ಹೋಗುತ್ತದೆ. ಅಕ್ಕ, ಅವಳ ನಾಲ್ಕು ಮಕ್ಕಳು ಬೀದಿಗೆ. ಅದಕ್ಕೇ ಭಾವನ ಹಾಜರಿಯ ಹಿತ್ತಾಳೆ ಬಿಲ್ಲೆ ಹಿಡಿದು ಇವನು ಗಣಿಗಿಳಿದ. ಇಳಿದ ಮೊದಲ ದಿನವೇ ಕಾಲು ಜಜ್ಜಿಹೋಯಿತು. ಬಿಲ್ಲೆಯ ನಂಬರು ನೋಡಿ ಆಸ್ಪತ್ರೆಯವರು ಭಾವನ ಹಳೆಯ ಟಿಕೆಟ್ಟನ್ನೇ ತೆಗೆದರು.

ನಾಲ್ಕನೆಯ ದಿನ ಗಾಯ ಕೀವು ಕಟ್ಟಿತು. ಸಂಜೆ ನಾಲ್ಕಕ್ಕೆ ಸಿಸ್ಟರ್ ಮುನಿರತ್ನಮ್ಮ ಕುದಿಸಿದ ಸಿರಿಂಜು ಇಟ್ಟ ತಟ್ಟೆ ಹಿಡಿದು ಬಂದರು. ಎದೆಗೆ ಪಿನ್ನು ಹಾಕಿದ ಗಡಿಯಾರ, ಬಂಡೆಯನ್ನಾದರೂ ಮೆತ್ತಗೆ ಮಾಡುವ ಕಣ್ಣು.

"ಆಂಜಿನಪ್ಪಾ, ಡಾಕ್ಟರು ಪೆನಿಸಿಲಿನ್ ಬರೆದಿದ್ದಾರೆ. ಹೋದ ವರ್ಷವೂ ಹತ್ತು ಸೂಜಿ ಹಾಕಿಸಿಕೊಂಡಿದ್ದೆ ಅಂತ ಟಿಕೆಟ್ಟಿನಲ್ಲಿದೆ. ಏನೂ ತೊಂದರೆ ಆಗಲಿಲ್ಲ ತಾನೇ?"

ಆ ಔಷಧಿಯ ಹೆಸರು ಚಿಕ್ಕವೆಂಕಟಪ್ಪನಿಗೆ ಗೊತ್ತಿತ್ತು. ಹೋದ ವರ್ಷ ಬಂಗಾರಪೇಟೆಯಲ್ಲಿ ಕುರು ಎದ್ದಾಗ ಒಬ್ಬ ಡಾಕ್ಟರು ಅದನ್ನೇ ಹಾಕಿದ್ದರು. ಕಣ್ಣು ಮುಚ್ಚಿಹೋಗಿ, ಮೂಟೆಯ ಬಾಯಿ ಬಿಗಿದಂತೆ ಗಂಟಲು ಬಿಗಿದಿತ್ತು. ಇನ್ನೊಮ್ಮೆ ಹಾಕಿಸಿಕೊಂಡರೆ ಹೆಣ ಎಂದು ಆ ಡಾಕ್ಟರೇ ಹೇಳಿ ಕಳಿಸಿದ್ದರು. ಹೇಳಿದರೆ ಅಕ್ಕನ ಮನೆ ಹೋಗುತ್ತದೆ, ಹೇಳದಿದ್ದರೆ ತಾನೇ ಹೋಗುತ್ತಾನೆ.

"ಸೂಜಿ ಅಂದ್ರೆ ನಂಗೆ ಕಡ್ಲೆಪುರಿ ಸಿಸ್ಟರಮ್ಮಾ," ಎಂದ. "ಆಕ್ರಿ!"

ಅಷ್ಟರಲ್ಲಿ ಅಕ್ಕ ಮುನಿಗಂಗಮ್ಮ ಗಂಜಿಯ ಚೊಂಬು ಹಿಡಿದು ಒಳಗೆ ನುಗ್ಗಿದಳು. ಆಸ್ಪತ್ರೆಯ ಲೆಕ್ಕದಲ್ಲಿ ಅವಳು ಅವನ ಹೆಂಡತಿ. ಆದರೆ ತಮ್ಮನ ಮುಖ ಕಂಡೊಡನೆ ಲೆಕ್ಕವೆಲ್ಲ ಮರೆತುಹೋಯಿತು.

"ಏನ್ಲಾ ಮುಂಡೇದೆ, ಕಾಲು ಎಂಗೈತ್ಲಾ?"

ವಾರ್ಡಿನಲ್ಲಿ ತೆರೆದ ಒಂದೊಂದು ಬಾಯಿಯಲ್ಲೂ ಗುಬ್ಬಚ್ಚಿ ಸಂಸಾರ ಹೂಡಬಹುದಿತ್ತು.

"ಅಯ್ಯಯ್ಯೋ ಸಾಮಿ!" ಪಕ್ಕದ ಮಂಚದ ಆರುಮುಗಂ ಎದ್ದು ಕೂತ. "ನಮ್ ಪೊಂಡಾಟಿ ಗಂಡನ್ ಹೆಸರೇ ಎತ್ತಲ್ಲ. ಈಯಮ್ಮ ಗಂಡನ್ನ ಲಾ ಅಂತಾಳೆ!"

ಮುನಿಗಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಅಂದ್ರೆ... ಎಂಗಿದ್ದೀರಾ ಅಂತ," ಎಂದಳು. ಹೊತ್ತು ಮೀರಿತ್ತು.

"ಅದು ಪ್ರೀತಿ ಕಣಣ್ಣಾ!" ಚಿಕ್ಕವೆಂಕಟಪ್ಪ ಕೂಗಿದ. "ನಮ್ಮ ಬೂದಿಕೋಟೆ ಕಡೆ ಪ್ರೀತಿ ಜಾಸ್ತಿಯಾದ್ರೆ ಲಾ ಅಂತಾರೆ. ಇನ್ನೂ ಜಾಸ್ತಿಯಾದ್ರೆ ಪೊರಕೆ ತಕಂತಾರೆ."

ಎಲ್ಲರೂ ನಕ್ಕರು, ಸಿಸ್ಟರ್ ಒಬ್ಬರನ್ನು ಬಿಟ್ಟು. ಅವರು ತೋಳಿಗೆ ಸ್ಪಿರಿಟ್ ಒರೆಸಿ, ಯಾಕೋ ತಡೆದು, ಅವನ ಮಣಿಕಟ್ಟು ಹಿಡಿದರು. ಎದೆಯ ಗಡಿಯಾರ ನೋಡಿದರು. ಊರ ಕುದುರೆಗಳೆಲ್ಲ ಹಗ್ಗ ಹರಿದುಕೊಂಡು ಅವನ ಮಣಿಕಟ್ಟಿನಲ್ಲೇ ಓಡುತ್ತಿದ್ದವು.

"ಹತ್ತು ಸೂಜಿ ಕಡ್ಲೆಪುರಿ ಹಾಗೆ ತಿಂದವನ ನಾಡಿ ಹೀಗೆ ಹೊಡೆಯೋದಿಲ್ಲ," ಎಂದು ಸಿರಿಂಜನ್ನು ತಟ್ಟೆಗೆ ಹಾಕಿದರು. ತಗ್ಗಿದ ದನಿಯಲ್ಲಿ ಕೇಳಿದರು: "ಈ ಔಷಧಿ ಟಿಕೆಟ್ಟಿನಲ್ಲಿರೋನಿಗೆ ಒಗ್ಗಿದೆ. ನಿನಗೆ ಒಗ್ಗುತ್ತಾ?"

ಅವನು ಮುಖ ಆಚೆ ತಿರುಗಿಸಿದ. "ಸುಮ್ಕೆ ಆಕಿಬಿಡ್ರಮ್ಮಾ."

"ಯಾರ ಮೈ ಅಂತ ಗೊತ್ತಿಲ್ಲದ ಮೈಗೆ ನಾನು ಸೂಜಿ ಚುಚ್ಚೋದಿಲ್ಲ. ಡಾಕ್ಟರು ಬೈದರೆ ಬೈಸಿಕೊಳ್ತೀನಿ. ಆದರೆ ಔಷಧಿ ಇಲ್ಲದೆ ಈ ಕಾಲು ಉಳಿಯಲ್ಲಪ್ಪಾ."

"ಏಳಿದ್ರೆ... ಯಾರ್ಗೂ ಏಳಲ್ಲ ಅಂತ ಮಾತು ಕೊಡ್ತೀರಾ?"

ಪಾಪ ಅನ್ನುತ್ತಾರೆ, ತಲೆ ಆಡಿಸುತ್ತಾರೆ ಎಂದುಕೊಂಡಿದ್ದ. ಸಿಸ್ಟರ್ ತಲೆ ಆಡಿಸಲಿಲ್ಲ.

"ಕೊಡಲ್ಲ. ಸುಳ್ಳು ಟಿಕೆಟ್ಟು ನೋಡಿ ನಾಳೆ ಇನ್ನೊಬ್ಬರು ಸೂಜಿ ಹಾಕ್ತಾರೆ, ನಿನಗೋ ನಿಜವಾದ ಆಂಜಿನಪ್ಪನಿಗೋ. ಡಾಕ್ಟರ ಹತ್ತಿರ ನಿನ್ನ ಪರವಾಗಿ ಮಾತಾಡ್ತೀನಿ. ಮನೆ ಉಳಿಸ್ತೀನಿ ಅಂತ ಮಾತ್ರ ಹೇಳಲಾರೆ."

ಜನ್ಮದಲ್ಲಿ ಅವನಿಗೆ ಮಾತು ಕೊಟ್ಟವರು ಸಾವಿರ ಮಂದಿ. ಕೊಡುವುದಿಲ್ಲ ಅಂದವರು ಇವರೊಬ್ಬರೇ.

"ಸಿಸ್ಟರಮ್ಮಾ, ಮನೆ ಓಯ್ತದೆ..." ಎನ್ನುತ್ತ ಮುನಿಗಂಗಮ್ಮ ಅವರ ಕಾಲಿಗೆ ಬಾಗಿದಳು. ಬಾಗಿದವಳಿಗೆ ತಮ್ಮ ಮಂಚದ ಅಂಚು ಹಿಡಿದುಕೊಂಡು ತಟ್ಟೆಯ ಸಿರಿಂಜನ್ನೇ ದಿಟ್ಟಿಸುತ್ತಿರುವುದು ಕಂಡಿತು. ಹೋದ ವರ್ಷದ ಆ ಸೂಜಿಯ ಸಂಗತಿ ಅವಳಿಗೂ ಗೊತ್ತಿರಲಿಲ್ಲ.

"ಏನ್ಲಾ ಅದು? ಏನಾಯ್ತದೆ ಸೂಜಿ ಆಕಿದ್ರೆ? ಏಳ್ಲಾ!" ಕಿರುಚಿದಳು. "ಮನೆ ಓದ್ರೆ ಓಗ್ಲಿ, ಏಳ್ಲಾ!"

ಆರುಮುಗಂ ಕೂಡ ನಗಲಿಲ್ಲ. ಸಿಸ್ಟರ್ ಸ್ಟೂಲು ಎಳೆದುಕೊಂಡು ಕೂತು, ಟಿಕೆಟ್ಟು ತಿರುಗಿಸಿ ಪೆನ್ಸಿಲು ಹಿಡಿದರು.

"ನಾನು ಆಂಜಿನಪ್ಪ ಅಲ್ಲ," ಎಂದ ಅವನು. "ಚಿಕ್ಕವೆಂಕಟಪ್ಪ. ಇವಳು ನಮ್ಮಕ್ಕ. ಓದ್ವರ್ಸ ಇದೇ ಔಸ್ದಿ ಆಕಿದ್ರು ಸಿಸ್ಟರಮ್ಮಾ. ಮಕ ಕುಂಬಳಕಾಯಿ ಆಯ್ತು. ಮೂರು ದಿನ ಉಸಿರೇ ಆಡ್ಲಿಲ್ಲ..."

ಪೆನ್ಸಿಲು ಓಡುತ್ತಿತ್ತು. ಅದನ್ನು ನೋಡಿ ಅವನು ಕೈ ಅಡ್ಡ ಹಿಡಿದ.

"ಮೂರು ದಿನ ಅಂತ ಬರೀಬ್ಯಾಡ್ರಮ್ಮಾ. ಎಷ್ಟೊತ್ತು ಅಂತ ನಂಗೊತ್ತಿಲ್ಲ. ಉಸಿರು ಕಟ್ತು. ಭಯ ಆಯ್ತು. ಅಷ್ಟೇ ನಿಜ."