ಮುಖಪುಟದ ಎಡಗಡೆಯವಳು

ಟೇಲರಮ್ಮನ ಅಂಗಡಿಗೆ ಆ ಪುಸ್ತಕ ಬಂದದ್ದು ಅದೇ ಮೊದಲಲ್ಲ. ಬಿಗಿಯಾದ ಬಟ್ಟೆಯ ಹೊಲಿಗೆ ಬಿಚ್ಚಿಸಿ ಸಡಿಲ ಮಾಡಿಸಲು ಬರುವ ಹೆಂಗಸರ ಬ್ಯಾಗಿನಲ್ಲಿ ಅದು ಇದ್ದೇ ಇರುತ್ತಿತ್ತು. ಅರವತ್ತು ದಿನಗಳಲ್ಲಿ ತೆಳ್ಳಗಾಗುವ ಪುಸ್ತಕ; ಹನ್ನೆರಡು ವರ್ಷಗಳಲ್ಲಿ ಹತ್ತೊಂಬತ್ತು ಮುದ್ರಣ. ಅದರಲ್ಲಿದ್ದದ್ದು ಕೆಟ್ಟ ಮಾತೇನಲ್ಲ: ನಡೆಯಿರಿ, ಸಕ್ಕರೆ ಕಡಿಮೆ ಮಾಡಿ, ನಿಧಾನವಾಗಿ ಅಗಿದು ತಿನ್ನಿ. ಇದನ್ನೇ ಎಲ್ಲರ ಅಜ್ಜಿಯರೂ ಪುಕ್ಕಟೆಯಾಗಿ ಹೇಳಿದ್ದರು. ಆದರೆ ಹಿತ್ತಲ ಗಿಡ ಮದ್ದಲ್ಲ ನೋಡಿ. ಅಜ್ಜಿಯ ಮಾತಿಗೆ ಬಣ್ಣದ ಮುಖಪುಟ ಇರಲಿಲ್ಲ.

ಮುಖಪುಟದಲ್ಲಿ ಎರಡು ಫೋಟೋ. ಎಡಗಡೆ 'ಮೊದಲು', ಬಲಗಡೆ 'ನಂತರ'. ಎಡಗಡೆಯವಳು ಟೇಲರಮ್ಮ. ಬಲಗಡೆಯವಳು ಅವಳ ತಂಗಿ. ಇಬ್ಬರದೂ ಒಂದೇ ಅಚ್ಚಿನ ಮೂಗು, ಒಂದೇ ಗಲ್ಲ. ಬೀದಿ ಕೊನೆಯ ಸ್ಟುಡಿಯೋದವನು ಈ ಮುಖಪುಟಕ್ಕೆಂದೇ ಇಬ್ಬರಿಗೂ ಒಂದೇ ಬಣ್ಣದ ಬಟ್ಟೆ ತೊಡಿಸಿ ಫೋಟೋ ತೆಗೆದಿದ್ದ. ಆಗ ಅದು ತಮಾಷೆಯಾಗಿತ್ತು. ಪುಸ್ತಕ ಹಿಡಿದು ಬಂದವರಲ್ಲಿ ಒಬ್ಬರೂ ಅವಳನ್ನು ಗುರುತಿಸಲಿಲ್ಲ, ಏಕೆಂದರೆ ಎಡಗಡೆಯವಳನ್ನು ಯಾರೂ ನೋಡುವುದಿಲ್ಲ.

ಈ ಸಲ ಪುಸ್ತಕ ಹಿಡಿದು ಬಂದ ಗಣಿತದ ಟೀಚರೂ ನೋಡಲಿಲ್ಲ. ಎರಡು ತಿಂಗಳ ನಂತರ ಶಾಲೆಯ ವಾರ್ಷಿಕೋತ್ಸವದಲ್ಲಿ ಅವರಿಗೆ ಸನ್ಮಾನವಿತ್ತು. ವೇದಿಕೆ ಹತ್ತಬೇಕು, ಮತ್ತು ಮಕ್ಕಳು ಬೆನ್ನ ಹಿಂದೆ ತಮ್ಮನ್ನು ಡ್ರಮ್ಮು ಎನ್ನುತ್ತಾರೆಂದು ಅವರಿಗೆ ಗೊತ್ತು. ನೀಲಿ ಬಟ್ಟೆ ಕೊಟ್ಟು, ಈಗಿನ ಅಳತೆ ಬೇಡ, ಸೊಂಟ ಆರು ಇಂಚು ಕಡಿಮೆ ಇಟ್ಟು ಹೊಲಿಯಿರಿ ಎಂದರು. ವಾರಕ್ಕೊಮ್ಮೆ ಬಂದು ಅಳತೆ ಕೊಡುವುದೆಂದು ತೀರ್ಮಾನವಾಯಿತು.

ಮೂರು ವಾರದಲ್ಲಿ ಒಂದೂವರೆ ಇಂಚು ಇಳಿಯಿತು. ಶಾಲೆಗೆ ನಡೆದೇ ಹೋಗುತ್ತೇನೆ, ಮೆಟ್ಟಿಲು ಹತ್ತಿದರೆ ಈಗ ಏದುಸಿರಿಲ್ಲ ಎಂದು ಟೀಚರ್ ಹೇಳಿಕೊಂಡರು. ಟೇಲರಮ್ಮನಿಗೂ ಪುಸ್ತಕ ಪರವಾಗಿಲ್ಲ ಅನ್ನಿಸಿತು. ನಾಲ್ಕನೇ ವಾರ ಟೇಪು ಅಲುಗಲಿಲ್ಲ, ಐದನೇ ವಾರವೂ ಇಲ್ಲ. ಆಗ ಟೀಚರ್ ಮಧ್ಯಾಹ್ನದ ಊಟ ಬಿಟ್ಟರು, ಆಮೇಲೆ ಬೆಳಗಿನ ತಿಂಡಿಯನ್ನೂ. ಪುಸ್ತಕದಲ್ಲಿ ಹಾಗೆ ಬರೆದಿರಲಿಲ್ಲ. ಬಲಗಡೆಯ ಫೋಟೋ ಹಾಗೆ ಹೇಳುತ್ತಿತ್ತು. ನಿಜ ಹೇಳಿಬಿಡಬೇಕೆಂದು ಟೇಲರಮ್ಮನಿಗೆ ಪ್ರತಿ ಸಲವೂ ಅನ್ನಿಸಿತು, ಹೇಳಲಿಲ್ಲ. ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದದ್ದು ಒಳ್ಳೆಯ ನೆಪವಾಯಿತು.

ಏಳನೇ ವಾರ ಟೀಚರ್ ಅಳತೆ ಕೊಡುವ ಮೂಲೆಯ ಪರದೆ ಹಿಡಿದುಕೊಂಡು ನಿಂತಲ್ಲೇ ಕುಸಿದು ಕೂತರು. ಕಣ್ಣಿಗೆ ಕತ್ತಲೆ ಕವಿದಿತ್ತು, ಕೈ ತಣ್ಣಗಾಗಿತ್ತು. ನೀರು ಕುಡಿಸಿದ ಮೇಲೆ ಅವರು ಕೇಳಿದ್ದು ಸೊಂಟ ಎಷ್ಟಿದೆ ಎಂದು. ಇಳಿದಿಲ್ಲ ಎಂದು ತಿಳಿದಾಗ ಮುಖಪುಟ ತೋರಿಸಿದರು.

"ಇವಳಿಗೆ ಆಗಿದ್ದು ನಂಗ್ಯಾಕೆ ಆಗ್ತಿಲ್ಲ?"

ಟೇಲರಮ್ಮ ಕನ್ನಡಕ ತೆಗೆದು, ಪುಸ್ತಕವನ್ನು ತನ್ನ ಕೆನ್ನೆಯ ಪಕ್ಕ ಹಿಡಿದಳು.

"ಇವಳಿಗೂ ಆಗ್ಲಿಲ್ಲ ಟೀಚರ್. ಎಡಗಡೆ ಇರೋದು ನಾನು. ಬಲಗಡೆ ಇರೋದು ನನ್ನ ತಂಗಿ, ಅವಳು ಹುಟ್ಟಿದಾಗಿನಿಂದ್ಲೂ ಕಡ್ಡಿ."

ಟೀಚರ್ ಪುಸ್ತಕ ನೋಡಿದರು, ಅವಳ ಮುಖ ನೋಡಿದರು, ಮತ್ತೆ ಪುಸ್ತಕ ನೋಡಿದರು. ಏಳು ವಾರ ನನ್ನ ಅಳತೆ ತೆಗೆಯುತ್ತ ನಿಮ್ಮ ಬಾಯಿ ಹೊಲಿದುಕೊಂಡಿದ್ದಿರಲ್ಲ ಎಂದು ಕೇಳಿದರು. ಕೇಳಿದ್ದರಲ್ಲಿ ತಪ್ಪೇನಿತ್ತು? ಟೇಲರಮ್ಮನಿಗೆ ಅಳು ಬಂತು.

"ನಾಚಿಕೆ ಆಯ್ತು. ಹನ್ನೆರಡು ವರ್ಷದಿಂದ ಎಲ್ಲರ ಕೈಲೂ ನಾನು 'ಮೊದಲು' ಆಗೇ ಇದೀನಿ. ಅದನ್ನ ಬಾಯ್ಬಿಟ್ಟು ಹೇಗೆ ಹೇಳ್ಲಿ?"

ಟೀಚರ್ ಬಹಳ ಹೊತ್ತು ಎಡಗಡೆಯ ಫೋಟೋವನ್ನೇ ನೋಡಿದರು. ಇಷ್ಟು ದಿನ ಅದರ ಮೇಲೆ ಹೆಬ್ಬೆರಳಿಟ್ಟು ಮುಚ್ಚಿಯೇ ಪುಸ್ತಕ ಹಿಡಿಯುತ್ತಿದ್ದೆ ಎಂದು ಮೆಲ್ಲಗೆ ಒಪ್ಪಿಕೊಂಡರು. ಫೋಟೋದಲ್ಲಿದ್ದವಳು ಬಾಯಿ ತುಂಬ ನಗುತ್ತಿದ್ದಳು.

"ಚೆನ್ನಾಗೇ ಇದೀರಲ್ರೀ" ಎಂದರು. ಆಮೇಲೆ ಗೋಡೆಗೆ ಒರಗಿ, ಸಂಕೋಚದಿಂದ ಕೇಳಿದರು, "ತಿನ್ನೋಕೆ ಏನಾದ್ರೂ ಇದ್ಯಾ? ತುಂಬಾ ಹಸಿವಾಗ್ತಿದೆ."